ಚಳಿಗಾಲದಲ್ಲಿ ತೋಟದ ಕೆರೆಗೆ ಗಾಳ: ಇಬ್ಬರು, ಒಂದು ರಾತ್ರಿ

ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು, ಮಂಜುಗಡ್ಡೆಗೆ ತೂತು ಕೊರೆದು ಮೀನು ಎತ್ತುವ ವಿಡಿಯೊ ನೋಡಿದವರು ಡಿಸೆಂಬರ್ ಬಂತೆಂದರೆ ಕೇಳುವ ಪ್ರಶ್ನೆ ಒಂದೇ: ನಮ್ಮ ಕಡೆಯೂ ಚಳಿಯಲ್ಲಿ ಗೆಳೆಯನ ಜೊತೆ ಹೋಗಿ, ಟೆಂಟ್ ಹಾಕಿ, ಗಾಳ ಹಾಕಿ ಬರಬಹುದಾ? ಬರಬಹುದು. ನಮ್ಮಲ್ಲಿ ಮಂಜು ಎಂದರೆ ಬಿಸಿಲೇರಿದಂತೆ ಕರಗಿಹೋಗುವ ಮಂಜು, ನೀರು ಗಟ್ಟಿಯಾಗುವ ಮಾತಿಲ್ಲ. ಆದರೂ ಮೂಡಿಗೆರೆ, ಸಕಲೇಶಪುರ, ಆಲ್ದೂರು, ಬಾಳೆಹೊನ್ನೂರು ಸುತ್ತಿನ ತೋಟದ ಕೆರೆಗಳಲ್ಲಿ ರಾತ್ರಿಯ ಚಳಿ 12–15 ಡಿಗ್ರಿಗೆ ಇಳಿದಾಗ ಮೀನಿನ ಚಾಳಿಯೇ ಬದಲಾಗುತ್ತದೆ. ಬೇಸಿಗೆಯ ರೂಢಿಯಲ್ಲೇ ಹೋದವರು ಬರಿಗೈಯಲ್ಲಿ, ನೆಗಡಿ ಹಿಡಿಸಿಕೊಂಡು ವಾಪಸಾಗುತ್ತಾರೆ.

ಎರಡು ಮಾತು ಮೊದಲೇ ಹೇಳಿಬಿಡುತ್ತೇವೆ. ಚಳಿಗಾಲದಲ್ಲಿ ಗಾಳದ ಹೊತ್ತು ಬೆಳಗಿನ ಜಾವವಲ್ಲ, 11 ಗಂಟೆಯಿಂದ ಸಂಜೆ 4.30ರವರೆಗೆ. ಟೆಂಟಿನ ಜಾಗ ಕೆರೆಯ ದಂಡೆಯಲ್ಲ. ಇವೆರಡನ್ನು ಒಪ್ಪದವರಿಗೆ ಮುಂದಿನದು ಓದಿಯೂ ಪ್ರಯೋಜನವಿಲ್ಲ.

1. ನೀರು ಯಾರದು ಎಂದು ಮೊದಲು ತಿಳಿಯಿರಿ

ಭದ್ರಾ ಹುಲಿ ಮೀಸಲು ಪ್ರದೇಶದ ಮುತ್ತೋಡಿ, ಲಕ್ಕವಳ್ಳಿ ಕಡೆಯ ನೀರು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೊಳೆಗಳು, ಇವನ್ನು ಪಟ್ಟಿಯಿಂದ ತೆಗೆದುಹಾಕಿ. ಅಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವುದು, ರಾತ್ರಿ ಉಳಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಶೃಂಗೇರಿ ಮಠದ ಬಳಿಯ ತುಂಗೆಯಲ್ಲಿರುವುದು ದೇವರ ಮೀನು, ಅದನ್ನು ಯಾರೂ ಹಿಡಿಯುವಂತಿಲ್ಲ. ಗೊರೂರಿನ ಹೇಮಾವತಿ ಹಿನ್ನೀರು, ಬೇಲೂರಿನ ಯಗಚಿಗೆ ಹೋಗುವುದಾದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಪರವಾನಗಿ ವಿಚಾರಿಸಿ. ಊರ ಕೆರೆಯಾದರೆ ಮೀನು ಗುತ್ತಿಗೆ ಹಿಡಿದವರದು. ಪಂಚಾಯಿತಿ ಸದಸ್ಯರು ‘ಹಾಕ್ಕೊಳಿ ಬಿಡಿ’ ಎಂದರೆ ಸಾಲದು, ಗುತ್ತಿಗೆದಾರರನ್ನೇ ಕೇಳಬೇಕು.

ಮೊದಲ ಸಲಕ್ಕೆ ಒಳ್ಳೆಯದು ಪರಿಚಯದವರ ಕಾಫಿ ತೋಟದ ಕೆರೆ. ಸಾಹುಕಾರರಿಗೆ ಒಂದು ಫೋನ್ ಮಾಡಿ ಸುಮ್ಮನಾಗಬೇಡಿ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೂ ಕಾವಲಿನವರಿಗೂ ನಿಮ್ಮ ಹೆಸರು, ಗಾಡಿ ನಂಬರು ತಿಳಿದಿರಲಿ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕಳ್ಳತನದ ಭಯ ಇರುವುದರಿಂದ ರಾತ್ರಿ ಟಾರ್ಚ್ ಹಿಡಿದು ಓಡಾಡುವ ಅಪರಿಚಿತರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ಕೇಳಲೇಬೇಕಾದ ನಾಲ್ಕು ವಿಷಯಗಳಿವೆ. ಎಷ್ಟು ಕೆಜಿ ಒಯ್ಯಬಹುದು, ಎಷ್ಟಕ್ಕಿಂತ ಚಿಕ್ಕದನ್ನು ಬಿಡಬೇಕು? ಹುಲ್ಲುಗೆಂಡೆ ಸಿಕ್ಕರೆ ಏನು ಮಾಡಬೇಕು? (ಕೆರೆಯ ಜೊಂಡು ತಿನ್ನಲೆಂದೇ ಅದನ್ನು ಬಿಟ್ಟಿರುತ್ತಾರೆ. ಅದನ್ನು ಹೊತ್ತೊಯ್ದರೆ ಮುಂದಿನ ಸಲ ಗೇಟು ತೆಗೆಯುವುದಿಲ್ಲ.) ಪಲ್ಪರ್ ನೀರು ಈ ಕೆರೆಗೆ ಬರುತ್ತದೆಯೇ? ಗಿಡಕ್ಕೆ ಹೊಡೆಯುವ ಔಷಧಿಯ, ಅಂದರೆ ಮೈಲುತುತ್ತದ ಡ್ರಮ್ಮುಗಳನ್ನು ಇಲ್ಲೇ ತೊಳೆಯುತ್ತಾರೆಯೇ? ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರು ಕೆರೆ ಸೇರಿದರೆ ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ದಂಡೆಯಲ್ಲಿ ಹುಳಿ ವಾಸನೆ, ನೀರಿಗೆ ಕಂದು ಬಣ್ಣ ಇದ್ದರೆ ಗಾಳ ಬಿಚ್ಚುವ ಶ್ರಮವೇ ಬೇಡ. ಔಷಧಿ ಡ್ರಮ್ಮು ತೊಳೆಯುವ ಕೆರೆಯ ಮೀನನ್ನಂತೂ ತಿನ್ನಲೇಬೇಡಿ.

2. ದಿನ ಆರಿಸುವುದು

ಸತತ 3 ದಿನ ಒಳ್ಳೆ ಬಿಸಿಲು ಬಿದ್ದ ಮೇಲೆ ಹೊರಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಮೋಡ, ಜಿಟಿಜಿಟಿ ಹಿಡಿದಾಗ ರಾತ್ರಿ ಬೆಚ್ಚಗಿರುತ್ತದೆ ನಿಜ, ಆದರೆ ಕೆರೆಗೆ ಬಿಸಿಲು ಬೀಳದೆ ಮೀನು ಜಡವಾಗಿರುತ್ತದೆ. ಫೆಬ್ರುವರಿಗೆ ಮುಂದೂಡಬೇಡಿ. ಹೂವಿನ ನೀರಿಗೆಂದು, ಅಂದರೆ ಕಾಫಿ ಗಿಡ ಹೂ ಬಿಡಲೆಂದು, ಸ್ಪ್ರಿಂಕ್ಲರ್ ಶುರುವಾದರೆ ಮೋಟಾರಿನ ಸದ್ದಿಗೂ, ದಿನದಿನಕ್ಕೆ ಇಳಿಯುವ ನೀರಿಗೂ ಮೀನು ನಡುನೀರಿಗೆ ಸರಿದುಬಿಡುತ್ತದೆ.

ಹೊರಡುವ ದಿನ ಬೆಳಿಗ್ಗೆ ರೈಟರಿಗೆ ಮತ್ತೊಮ್ಮೆ ಫೋನ್ ಮಾಡಿ, ಆನೆ ಯಾವ ಕಡೆ ಇದೆ ಎಂದು ಕೇಳಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಆನೆ ಕಾರ್ಯಪಡೆಯವರು ಗುಂಪು ಎಲ್ಲಿದೆ ಎಂಬ ಸುದ್ದಿಯನ್ನು ಊರಿನವರಿಗೆ ಮುಟ್ಟಿಸುತ್ತಿರುತ್ತಾರೆ. ಪಕ್ಕದ ತೋಟದಲ್ಲಿದೆ ಎಂದರೂ ಅವತ್ತಿನ ಪ್ರವಾಸ ರದ್ದು. ಇದರಲ್ಲಿ ಚೌಕಾಸಿ ಇಲ್ಲ.

3. ಸಾಮಾನು

ಗಾಳದ ಕೋಲು 8–9 ಅಡಿಯದು, ಒಬ್ಬರಿಗೆ ಒಂದೇ ಸಾಕು. ನಾಲ್ಕು ಕೋಲು ಊರಿ ಕೂತವರು ನಾಲ್ಕನ್ನೂ ಸರಿಯಾಗಿ ನೋಡುವುದಿಲ್ಲ. ರೀಲಿಗೆ 0.30 ಮಿ.ಮೀ. ನೈಲಾನ್ ದಾರ 100 ಮೀಟರ್. ಹಳ್ಳಿ ಅಂಗಡಿಯಲ್ಲಿ ತಂಗೂಸು ಎಂದು ಕೇಳಿದರೂ ಕೊಡುತ್ತಾರೆ. ಕಳೆದ ವರ್ಷದ ದಾರ ಬಿಸಿಲಿಗೆ ಪೆಡಸಾಗಿರುತ್ತದೆ. ಬೆರಳಿಗೆ ಸುತ್ತಿ ಬಿಟ್ಟಾಗ ಸುರುಳಿಯಾಗಿಯೇ ಉಳಿದರೆ ಎಸೆದು ಹೊಸದು ಹಾಕಿ.

ಕೊಕ್ಕೆ ಕೊಳ್ಳುವಾಗ ಹೊಸಬರು ಎಡವುವುದು ಅಂಕೆಯಲ್ಲಿ. ಅಂಕೆ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಹಿಟ್ಟಿಗೆ 8ನೇ ನಂಬರು, ಎರೆಹುಳುವಿಗೆ, ಜಿಲೇಬಿ (ತಿಲಾಪಿಯಾ) ಮೀನಿಗೆ 10 ಅಥವಾ 12. ಬೇಸಿಗೆಯಲ್ಲಿ ಬಳಸುವ 4, 6 ಈಗ ಬೇಡ. ಚಳಿಗೆ ಮಂದವಾದ ಮೀನು ಗಬಕ್ಕನೆ ನುಂಗುವುದಿಲ್ಲ, ತುಟಿಯಲ್ಲಿ ಇಟ್ಟು ನೋಡುತ್ತದೆ. ಬಾಯಿಗೆ ದಪ್ಪನೆಯ ಕಬ್ಬಿಣ ತಾಗಿದರೆ ಉಗಿದುಬಿಡುತ್ತದೆ. ಇದರ ಜೊತೆಗೆ 10–15 ಗ್ರಾಂ ಸೀಸದ ಗುಂಡು, ನೀರಿನ ಮೇಲೆ ತೇಲುವ ತೆಳ್ಳಗಿನ ಬೆಂಡು, ಕೈಬಲೆ, ಕೊಕ್ಕೆ ಬಿಡಿಸಲು ಉದ್ದಮೂಗಿನ ಇಕ್ಕಳ.

ರಾತ್ರಿಗೆ: ಇಬ್ಬರಿದ್ದರೂ 3 ಜನರ ಟೆಂಟ್, 10×12 ಅಡಿಯ ಟಾರ್ಪಾಲಿನ್ ಎರಡು, ಒಬ್ಬರಿಗೆ ಎರಡು ಕಂಬಳಿ, ಕಿವಿ ಮುಚ್ಚುವ ಉಣ್ಣೆ ಟೋಪಿ, ತಲೆಗೆ ಕಟ್ಟುವ ಟಾರ್ಚ್ ತಲಾ ಒಂದು, ಕುಡಿಯುವ ನೀರು ಒಟ್ಟು 10 ಲೀಟರ್. ಮಲಗಲು ಒಂದು ಜೊತೆ ಒಣ ಬಟ್ಟೆ ಮತ್ತು ಕಾಲುಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟು, ರಾತ್ರಿಯವರೆಗೆ ಅದನ್ನು ಮುಟ್ಟಬೇಡಿ. ಹಗಲಿನ ಬೆವರಿನ ಬನಿಯನ್ನಿನಲ್ಲೇ ಮಲಗಿದರೆ ಮೂರು ಕಂಬಳಿ ಹೊದ್ದರೂ ನಡುಕ ನಿಲ್ಲುವುದಿಲ್ಲ.

ಕೊನೆಯದಾಗಿ, ಮರೆಯಲೇಬಾರದ್ದು: 50 ಅಡಿ ಹಗ್ಗ, ಮುಚ್ಚಳ ಬಿಗಿಯಾದ 10 ಲೀಟರಿನ ಖಾಲಿ ಕ್ಯಾನ್. ಯಾಕೆಂದು 6ನೇ ಹಂತದಲ್ಲಿದೆ.

4. ಹಿಟ್ಟು ಕಲಸುವುದು

ಕಡಲೆಕಾಯಿ ಹಿಂಡಿ 500 ಗ್ರಾಂ, ಅಕ್ಕಿ ತೌಡು 250 ಗ್ರಾಂ, ಮೈದಾ 250 ಗ್ರಾಂ, ಬೆಲ್ಲ 50 ಗ್ರಾಂ. ಹಿಂಡಿಯನ್ನು ಪುಡಿಮಾಡಿ, ತೌಡಿನ ಜೊತೆ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಸೀದರೆ ಕಹಿ, ಮೀನು ಹತ್ತಿರ ಬರುವುದಿಲ್ಲ. ಬೆಲ್ಲ ಕರಗಿಸಿದ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಮೈದಾ ಸೇರಿಸಿ ಕಲಸಿ, ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ.

ಹದ ಮುಖ್ಯ. ತಣ್ಣೀರಿನಲ್ಲಿ ಹಿಟ್ಟು ಬಿಗಿಯುತ್ತದೆ, ಹಾಗಾಗಿ ಚಪಾತಿ ಹಿಟ್ಟಿಗಿಂತ ಮೆತ್ತಗಿರಲಿ. ಪರೀಕ್ಷೆಗೆ ಕಡಲೆ ಗಾತ್ರದ ಉಂಡೆಯನ್ನು ಒಂದು ಲೋಟ ಕೆರೆ ನೀರಿಗೆ ಹಾಕಿ ನೋಡಿ. 10 ನಿಮಿಷಕ್ಕೆ ಅಂಚು ಉದುರಲು ಶುರುವಾಗಿ, ನಡು ಗಟ್ಟಿ ಉಳಿದಿದ್ದರೆ ಸರಿ. ಪೂರ್ತಿ ಕರಗಿದರೆ ಮೈದಾ ಕಡಿಮೆ, ಗೋಲಿಯಂತೆಯೇ ಉಳಿದರೆ ಹೆಚ್ಚು.

ಎರೆಹುಳುವನ್ನು ಹಳೆ ತಿಪ್ಪೆಯ ಅಂಚಿನಲ್ಲಿ ಕೆದಕಿ, ಒದ್ದೆ ಮಣ್ಣಿನ ಸಮೇತ ತೆಂಗಿನ ಚಿಪ್ಪಿನಲ್ಲಿಟ್ಟುಕೊಳ್ಳಿ. ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಚಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ಕೆರೆಯ ತಳ ಕೆದಕುತ್ತಾ ತಿನ್ನುವ ಅದಕ್ಕೆ ಎರೆಹುಳುವೇ ಸರಿ. ಕಾಟ್ಲಾ ಮತ್ತು ರೋಹು 25–30 ಡಿಗ್ರಿ ನೀರಿನಲ್ಲಿ ಚೆನ್ನಾಗಿ ತಿಂದು ಬೆಳೆಯುವ ಮೀನುಗಳು, ಈಗ ಅವುಗಳ ಹಸಿವು ಅರ್ಧಕ್ಕರ್ಧ. ಕಾಟ್ಲಾ ಸಿಗಲೇಬೇಕೆಂದು ಹೊರಟವರು ಏಪ್ರಿಲ್‌ವರೆಗೆ ಕಾಯುವುದು ಲೇಸು.

5. ಮೊದಲು ಟೆಂಟ್, ಆಮೇಲೆ ಗಾಳ

10 ಗಂಟೆಯೊಳಗೆ ತಲುಪಿ, ನೀರಿನ ಕಡೆ ನೋಡುವ ಮೊದಲು ಮಲಗುವ ಜಾಗ ಮಾಡಿ. ಸಂಜೆ ಕತ್ತಲಲ್ಲಿ ಕಟ್ಟಿದ ಟೆಂಟಿನ ಕೆಳಗೆ ಬೇರು, ಕಲ್ಲು, ಇರುವೆ ಗೂಡು ಖಾಯಂ.

ಕೆರೆ ದಂಡೆ ಯಾಕೆ ಬೇಡ? ಒಂದು, ತಣ್ಣನೆ ಗಾಳಿ ಭಾರ. ರಾತ್ರಿ ಅದು ಗುಡ್ಡದಿಂದ ಜಾರಿ ತಗ್ಗಿನಲ್ಲಿ, ಅಂದರೆ ಕೆರೆಯ ಸುತ್ತಲೇ ತುಂಬಿಕೊಳ್ಳುತ್ತದೆ. 20–30 ಅಡಿ ಮೇಲೆ ಹೋದರೂ ಚಳಿ, ಇಬ್ಬನಿ ಎರಡೂ ಕಡಿಮೆ. ಎರಡು, ರಾತ್ರಿ ಆ ನೀರಿಗೆ ಬರುವುದು ಆನೆ, ಕಾಡುಹಂದಿ, ಕಾಟಿ (ಕಾಡುಕೋಣ). ಮೆತ್ತನೆ ಕೆಸರಿನಲ್ಲಿ ಮೊರದಗಲದ ಗುಂಡು ಹೆಜ್ಜೆ, ನೆಲದಿಂದ ಆಳೆತ್ತರಕ್ಕೆ ಮರದ ಕಾಂಡಕ್ಕೆ ಉಜ್ಜಿದ ಕೆಸರು ಕಂಡರೆ ಅದು ಆನೆಯ ದಾರಿ. ತೋಟದ ಕಾರ್ಮಿಕರ ಲೈನ್ ಮನೆ ಅಥವಾ ಕಾವಲಿನವರ ಮನೆಯ ಅಂಗಳದ ಮೂಲೆ ಸಿಕ್ಕರೆ ಅದಕ್ಕಿಂತ ಒಳ್ಳೆ ಜಾಗವಿಲ್ಲ. ‘ಕಾಡಿನ ಅನುಭವ’ ಸ್ವಲ್ಪ ಕಡಿಮೆಯಾದೀತು, ಆಗಲಿ.

ಸಿಲ್ವರ್ ಓಕ್ ಕೆಳಗೆ ಟೆಂಟ್ ಬೇಡ, ಅದರ ಕೊಂಬೆ ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಜಾಗ ಸಿಕ್ಕಿದ ಮೇಲೆ ತರಗೆಲೆಯನ್ನು ಸುತ್ತ 10 ಅಡಿಯಷ್ಟು ಗುಡಿಸಿ ತೆಗೆಯಿರಿ. ಇದು ಬರೀ ಚೊಕ್ಕಟಕ್ಕಲ್ಲ. ಚಳಿಗಾಲದಲ್ಲಿ ಇಂಬಳದ ಕಾಟ ಇರುವುದಿಲ್ಲವೆಂದು ನಿಶ್ಚಿಂತೆಯಿಂದ ಕೂರುವವರು ಉಣುಗನ್ನು ಮರೆಯುತ್ತಾರೆ. ಒಣ ತರಗಿನಲ್ಲಿರುವ ಈ ಉಣ್ಣಿಯಿಂದಲೇ ಮಂಗನ ಕಾಯಿಲೆ ಹರಡುವುದು. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ, ಅಲ್ಲಿಂದ ಹೊರಡಿ.

ನೆಲಕ್ಕೆ ಒಂದು ಟಾರ್ಪಾಲಿನ್, ಅದರ ಮೇಲೆ ಟೆಂಟ್, ಒಳಗೆ ಮಲಗುವ ಕಡೆ ಮ್ಯಾಟ್ ಅಥವಾ ಎರಡು ಪದರ ಗೋಣಿಚೀಲ. ಚಳಿ ಹೆಚ್ಚು ಹತ್ತುವುದು ನೆಲದಿಂದ, ಹಾಗಾಗಿ ಎರಡು ಕಂಬಳಿಯಲ್ಲಿ ಒಂದು ಕೆಳಗಿರಲಿ. ಟಾರ್ಪಾಲಿನ್ ಟೆಂಟಿನ ಅಂಚಿನಿಂದ ಹೊರಗೆ ಚಾಚಿರಬಾರದು. ಚಾಚಿದರೆ ಇಬ್ಬನಿ ಅದರ ಮೇಲೆ ಇಳಿದು, ಹರಿದು ಹಾಸಿಗೆಯ ಅಡಿಗೇ ಬರುತ್ತದೆ.

6. ದಂಡೆಯ ಪರೀಕ್ಷೆ

ಈಗಿನ ಕೆರೆಗಳು ಹಿಟಾಚಿಯಲ್ಲಿ ತೋಡಿದವು. ದಂಡೆಯಿಂದ ಎರಡು ಹೆಜ್ಜೆಗೇ 10–15 ಅಡಿ ಆಳ, ಗೋಡೆಯಂತೆ ನೇರ. ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡ ಇನ್ನೂ ಅಪಾಯ. ಪಾಚಿ ಹಿಡಿದ ಹಾಳೆಯ ಮೇಲೆ ಈಜು ಬಲ್ಲವರೂ ಹತ್ತಲಾರರು. ಅಲ್ಲಿ ಗಾಳ ಹಾಕುವುದೇ ಬೇಡ.

ಹಗ್ಗಕ್ಕೆ ಎರಡೆರಡು ಅಡಿಗೊಂದು ಗಂಟು ಹಾಕಿ, ಒಂದು ತುದಿಯನ್ನು ಮರಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನೀರಿಗೆ ಇಳಿಬಿಡಿ. ಕೂರುವ ಜಾಗ ಅದರ ಪಕ್ಕದಲ್ಲೇ. ಒಬ್ಬರು ಬಿದ್ದರೆ ಇನ್ನೊಬ್ಬರು ಹಾರಬಾರದು. ಖಾಲಿ ಕ್ಯಾನ್ ಎಸೆದು, ಅದನ್ನು ಅಪ್ಪಿಕೊಂಡು ಹಗ್ಗದ ಕಡೆ ಬರಲು ಕೂಗಿ ಹೇಳಿ. ಗಂಬೂಟು ಬೇಡ. ನೀರು ತುಂಬಿದರೆ ಕಾಲು ಎತ್ತಲಾಗುವುದಿಲ್ಲ, ಕ್ಯಾನ್ವಾಸ್ ಶೂ ಸಾಕು. ಇಬ್ಬರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳುವಷ್ಟು ದೂರದಲ್ಲಿರಬೇಕು.

ಇನ್ನೊಂದು ಪರೀಕ್ಷೆ ತಲೆಯ ಮೇಲೆ. ಪಂಪ್‌ಸೆಟ್ಟಿನ ವಿದ್ಯುತ್ ತಂತಿ ಕೆರೆಯ ಮೇಲೇ ಹಾದಿರುತ್ತದೆ, ಜೋತೂ ಬಿದ್ದಿರುತ್ತದೆ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ತಂತಿ ಇರುವ ಕಡೆ ಕೋಲು ಬೀಸಲೇಬೇಡಿ.

7. ಗಾಳ ಹಾಕುವುದು

ಬೆಳಗಿನ ಜಾವ ಯಾಕೆ ಬೇಡವೆಂದರೆ, ರಾತ್ರಿಯಿಡೀ ಪಾಚಿ, ಗಿಡ, ಮೀನು ಎಲ್ಲವೂ ಉಸಿರಾಡಿ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿರುವುದು ಸೂರ್ಯೋದಯದ ಹೊತ್ತಿಗೆ. ಮೇಲಿನ ನೀರು ಆಗಲೇ ಹೆಚ್ಚು ತಣ್ಣಗಿರುವುದು ಕೂಡ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹಸಿವೆಂದು ತಿಳಿಯಬೇಡಿ, ಅದು ಉಸಿರಾಟದ ಕಷ್ಟ.

ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕೆರೆಯ ದಕ್ಷಿಣ ದಂಡೆಯ ಮರದ ನೆರಳು ಆ ಬದಿಯ ನೀರಿನ ಮೇಲೆಯೇ ಬೀಳುತ್ತದೆ, ಉತ್ತರ ದಂಡೆಗೆ ಹೆಚ್ಚು ಹೊತ್ತು ಬಿಸಿಲು. ಈ ಕಾಲದಲ್ಲಿ ಮೂಡುಗಾಳಿ ಬೀಸಿದರೆ ಮೇಲ್ಪದರದ ಬೆಚ್ಚನೆ ನೀರು ಪಶ್ಚಿಮಕ್ಕೆ ತಳ್ಳಿಹೋಗುತ್ತದೆ. ಹಾಗಾಗಿ ಕೂರಬೇಕಾದ್ದು ವಾಯವ್ಯ ಮೂಲೆಯಲ್ಲಿ, ನೀರು 5–8 ಅಡಿ ಆಳವಿರುವಲ್ಲಿ. ಆಳ ತಿಳಿಯಲು ಕೊಕ್ಕೆಗೆ ಒಂದು ಭಾರದ ಸೀಸ ಸಿಕ್ಕಿಸಿ ಎಸೆಯಿರಿ. ಬೆಂಡು ಮುಳುಗಿಹೋದರೆ ಅದನ್ನು ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ. ತುದಿಯಷ್ಟೇ ಕಾಣುವಾಗ ಬೆಂಡಿನಿಂದ ಕೊಕ್ಕೆವರೆಗಿನ ದಾರದ ಉದ್ದವೇ ಕೆರೆಯ ಆಳ.

ದಾರಕ್ಕೆ ಸೀಸ ಪೋಣಿಸಿ, ಅದರ ಕೆಳಗೆ 1 ಅಡಿಯಷ್ಟು 0.25 ಮಿ.ಮೀ. ದಾರ, ಕೊನೆಗೆ ಕೊಕ್ಕೆ. ತಳದ ಬೇರಿಗೆ ಸಿಕ್ಕಿಕೊಂಡರೆ ಈ ತೆಳು ತುಂಡು ಮಾತ್ರ ಹರಿಯುತ್ತದೆ, ಉಳಿದದ್ದು ವಾಪಸ್ ಬರುತ್ತದೆ. ಕೊಕ್ಕೆಯ ಕಣ್ಣಿಗೆ ದಾರ ತೂರಿಸಿ 5–6 ಸುತ್ತು ಸುತ್ತಿ, ತುದಿಯನ್ನು ಕೊಕ್ಕೆ ಪಕ್ಕದ ಕುಣಿಕೆಯೊಳಗೆ ತಂದು, ಎಂಜಲು ಹಚ್ಚಿ ಬಿಗಿಯಿರಿ. ಒಣ ದಾರವನ್ನು ಎಳೆದರೆ ಉಜ್ಜಿದ ಬಿಸಿಗೆ ಗಂಟಿನಲ್ಲೇ ಸವೆಯುತ್ತದೆ, ದೊಡ್ಡ ಮೀನು ತಪ್ಪಿಸಿಕೊಳ್ಳುವುದು ಅಲ್ಲಿಂದಲೇ.

ಹಿಟ್ಟಿನ ನಿಂಬೆ ಗಾತ್ರದ 4 ಉಂಡೆಗಳನ್ನು ಒಂದೇ ಜಾಗಕ್ಕೆ ಎಸೆದು ಅರ್ಧ ಗಂಟೆ ಸುಮ್ಮನಿರಿ. ಬೇಸಿಗೆಯಂತೆ ಕೆಜಿಗಟ್ಟಲೆ ಸುರಿದರೆ ಮೀನಿನ ಹೊಟ್ಟೆ ತುಂಬುತ್ತದೆ, ಅಷ್ಟೆ. ಆಮೇಲೆ ಅದೇ ಜಾಗಕ್ಕೆ ಗಾಳ. ಕೊಕ್ಕೆಯ ಮೇಲೆ ಕಡಲೆ ಗಾತ್ರದ ಹಿಟ್ಟು ಸಾಕು, ಮೊನೆ ಕೂದಲೆಳೆಯಷ್ಟು ಹೊರಗಿರಲಿ.

ಬೆಂಡು ನೋಡುವುದರಲ್ಲೇ ಎಲ್ಲ ಇದೆ. ಬೇಸಿಗೆಯಲ್ಲಿ ಬುಳುಕ್ಕನೆ ಮುಳುಗುವ ಬೆಂಡು ಈಗ ಹಾಗೆ ಮಾಡುವುದಿಲ್ಲ. ಮೊದಲು ಬುಡದಲ್ಲಿ ಉಂಗುರದಂಥ ಸಣ್ಣ ಅಲೆ. ಆಮೇಲೆ ಎರಡು ಸಲ ನಡುಕ, ಮತ್ತೆ ಏನೂ ಇಲ್ಲ. ಇಲ್ಲಿ ಎಳೆದರೆ ಕೆಟ್ಟಿರಿ. ಕೆಲ ಕ್ಷಣ ಕಳೆದ ಮೇಲೆ ಬೆಂಡು ನಿಧಾನಕ್ಕೆ ಮೇಲೆದ್ದು, ವಾಲಿ, ನೀರಿನ ಮೇಲೆ ಅಡ್ಡ ಮಲಗುತ್ತದೆ. ಗೆಂಡೆ ತಳದಿಂದ ಹಿಟ್ಟನ್ನು ಬಾಯಿಗೆ ತೆಗೆದುಕೊಂಡು ತಲೆ ಎತ್ತಿತು ಎಂದರ್ಥ. ಸೀಸದ ಭಾರ ಬೆಂಡಿಗೆ ಇಲ್ಲವಾದ್ದರಿಂದ ಅದು ಮಲಗಿತು. ಈಗ ಕೋಲನ್ನು ಮಣಿಕಟ್ಟಿನಿಂದ ಒಂದು ಗೇಣು ಎತ್ತಿ. ಭುಜದಿಂದ ಬೀಸಿ ಎಳೆದರೆ ತುಟಿ ಹರಿದು ಕೊಕ್ಕೆಯಷ್ಟೇ ಬರುತ್ತದೆ.

ರೀಲಿನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ತಾನೇ ಬಿಚ್ಚಿಕೊಳ್ಳುವ ಬಿಗಿ, ಮೊದಲೇ ಹೊಂದಿಸಿರಬೇಕು. ದಾರದ ತುದಿಗೆ ನೀರು ತುಂಬಿದ 1 ಲೀಟರ್ ಬಾಟಲಿ ಕಟ್ಟಿ ಎತ್ತಿದಾಗ ದಾರ ನಿಧಾನಕ್ಕೆ ಬಿಚ್ಚಿಕೊಂಡರೆ ಸರಿಯಿದೆ. ಮೀನು ದಣಿದು ಪಕ್ಕಕ್ಕೆ ವಾಲಿದ ಮೇಲೆ ಕೈಬಲೆಯನ್ನು ನೀರಿನೊಳಗಿಟ್ಟು, ಮೀನನ್ನೇ ಅದರ ಮೇಲೆ ತನ್ನಿ. ಬಲೆ ಹಿಡಿದು ಮೀನಿನ ಹಿಂದೆ ಓಡುವ ಗೆಳೆಯನಿಂದ ತಪ್ಪಿಹೋದ ಮೀನಿಗೆ ಲೆಕ್ಕವಿಲ್ಲ. ಬಿಡಬೇಕಾದ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ, ಒಣ ಕೈ ಅದರ ಮೈಯ ಲೋಳೆ ತೆಗೆಯುತ್ತದೆ.

8. ಸಂಜೆ ಮತ್ತು ರಾತ್ರಿ

4.30ಕ್ಕೆ ಗಾಳ ಸುತ್ತಿ, 5.30ಕ್ಕೆ ಕೆರೆ ಬಿಟ್ಟಿರಬೇಕು. ಮೀನನ್ನು ಕೆರೆಯ ಬಳಿಯೇ ಹಗಲಲ್ಲೇ ಸೀಳಿ, ಕರುಳನ್ನು 2 ಅಡಿ ಆಳದ ಗುಂಡಿಯಲ್ಲಿ ಹೂಳಿ. ಟೆಂಟಿನ ಹತ್ತಿರ ಬಿಸಾಡಿದರೆ ರಾತ್ರಿಯಿಡೀ ನಾಯಿ, ಹಂದಿಯ ಗಲಾಟೆ. ಕೆಸರು ವಾಸನೆ ಹೋಗಲು ಉಪ್ಪು, ಹುಣಸೆಹುಳಿ ಹಚ್ಚಿ 20 ನಿಮಿಷ ಬಿಟ್ಟು ತೊಳೆಯಿರಿ. ಗೆಂಡೆಯಲ್ಲಿ ಸಣ್ಣ ಮುಳ್ಳು ಹೆಚ್ಚು, ಹೋಳಿನ ಮೇಲೆ ಒತ್ತೊತ್ತಾಗಿ ಗೀರು ಹಾಕಿ ಗರಿಗರಿ ಹುರಿದರೆ ಗಂಟಲಿಗೆ ಸಿಕ್ಕುವುದಿಲ್ಲ. ಮೀನು ಸಿಗದಿದ್ದರೂ ಊಟವಾಗಬೇಕು, ಅಕ್ಕಿ ಮತ್ತು ಮೊಟ್ಟೆ ಜೊತೆಗಿರಲಿ.

ಬೆಂಕಿಗೆ ಮಾಲೀಕರ ಒಪ್ಪಿಗೆ ಬೇಕು. ಸುತ್ತ 6 ಅಡಿ ತರಗು ಗುಡಿಸಿ, ಎರಡು ಬಕೆಟ್ ನೀರು ಪಕ್ಕದಲ್ಲಿಡಿ. ಒಣಗಿದ ಕಾಫಿ ಗಿಡದ ಸೌದೆ ನಿಧಾನವಾಗಿ, ಒಳ್ಳೆ ಕಾವಿನಿಂದ ಉರಿಯುತ್ತದೆ.

ಉಳಿದ ಕೆಂಡವನ್ನು ಬಾಣಲೆಯಲ್ಲಿ ಹಾಕಿ ಟೆಂಟಿನೊಳಗೆ ಇಟ್ಟುಕೊಳ್ಳುವ ಯೋಚನೆ ಎಲ್ಲರಿಗೂ ಬರುತ್ತದೆ. ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯೂ ಕಾಣುವುದಿಲ್ಲ. ಮಲಗಿದವರು ಏಳುವುದಿಲ್ಲ. ಗ್ಯಾಸ್ ಸ್ಟೌ ಕೂಡ ಒಳಗೆ ಹಚ್ಚಬಾರದು. ಬೆಚ್ಚಗಾಗಲು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಿ. ಎರಡು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಎನ್ನುವುದೂ ಸುಳ್ಳು. ರಕ್ತ ಚರ್ಮದ ಕಡೆ ಹರಿದು ಬೆಚ್ಚಗೆ ಅನ್ನಿಸುತ್ತದೆ, ಮೈಯ ಕಾವು ಮಾತ್ರ ಬೇಗ ಹೊರಹೋಗುತ್ತದೆ.

ಟೆಂಟಿನ ಗಾಳಿಕಿಂಡಿ ಮುಚ್ಚಬೇಡಿ. ಇಬ್ಬರ ಉಸಿರಿನ ತೇವ ತಣ್ಣನೆ ಬಟ್ಟೆಗೆ ತಾಗಿ ಹನಿಯಾಗಿ, ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಟೆಂಟ್ ಸೋರುತ್ತಿದೆ ಎಂದು ದೂರುವವರಲ್ಲಿ ಬಹಳ ಜನರ ತೊಂದರೆ ಇದೇ.

ರಾತ್ರಿ ಮೂತ್ರಕ್ಕೆ ಎದ್ದರೂ ಟಾರ್ಚ್ ಹಾಕಿ, 10 ಹೆಜ್ಜೆ ಮೀರಬೇಡಿ. ತೋಟದ ಅಂಚಿನ ಸೋಲಾರ್ ಬೇಲಿ ಕತ್ತಲಲ್ಲಿ ಕಾಣುವುದಿಲ್ಲ. ಕೊಂಬೆ ಮುರಿಯುವ ಸದ್ದು ಕೇಳಿದರೆ ಟಾರ್ಚ್ ಬಿಟ್ಟು ನೋಡುವುದು, ಪಟಾಕಿ ಹೊಡೆಯುವುದು ಬೇಡ. ಸದ್ದಿಲ್ಲದೆ ಮನೆಯೊಳಕ್ಕೋ ಗಾಡಿಯೊಳಕ್ಕೋ ಸೇರಿಕೊಂಡು ಕಾವಲಿನವರಿಗೆ ಫೋನ್ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತು ಕರೆಗೆ 112. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಹಗಲಲ್ಲೇ ನೋಡಿಟ್ಟುಕೊಂಡಿರಬೇಕು.

9. ಮರುದಿನ

ಬಿಸಿಲು ಏರುವವರೆಗೆ ಕಾಫಿ ಕುಡಿದುಕೊಂಡು ಕೂತಿರಿ. ಮಂಜು ಪೂರ್ತಿ ಕರಗದೆ ಕೆರೆ ಕಡೆ ಇಳಿಯಬೇಡಿ, ಮರೆಯಲ್ಲಿ ಒಂಟಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಇನ್ನೆರಡು ಗಂಟೆ ಗಾಳ ಹಾಕುವ ಆಸೆಯಿದ್ದರೆ 11ಕ್ಕೆ ಶುರುಮಾಡಿ, ಇಲ್ಲವಾದರೆ ಸಾಮಾನು ಕಟ್ಟಿ. ಹರಿದ ನೈಲಾನ್ ತುಂಡುಗಳನ್ನೆಲ್ಲ ಆಯ್ದು ಚೀಲಕ್ಕೆ ಹಾಕಿಕೊಳ್ಳಿ. ಹಕ್ಕಿಯ ಕಾಲಿಗೂ, ಮೇಯುವ ದನದ ಹೊಟ್ಟೆಗೂ ಅದು ಉರುಳು.

ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಕಂಕುಳು, ಸೊಂಟ, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಉಣುಗು ಕಚ್ಚಿದೆಯೇ ನೋಡಿ. ಇದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ 3ರಿಂದ 8 ದಿನದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ನೆಗಡಿ ಜ್ವರವೆಂದು ಮಾತ್ರೆ ನುಂಗಿ ಸುಮ್ಮನಿರಬೇಡಿ. ಆಸ್ಪತ್ರೆಗೆ ಹೋಗಿ ತೋಟದಲ್ಲಿ ರಾತ್ರಿ ಉಳಿದಿದ್ದನ್ನು ಬಾಯಿಬಿಟ್ಟು ಹೇಳಿ.

ಟೆಂಟ್ ಒದ್ದೆಯಾಗಿಯೇ ಮಡಿಸಿ ತಂದಿರುತ್ತೀರಿ. ಅದೇ ಮಧ್ಯಾಹ್ನ ತಾರಸಿಯ ಮೇಲೆ ನೆರಳಿನಲ್ಲಿ ಹರವಿ ಒಣಗಿಸಿ. ಎರಡು ದಿನ ಬಿಟ್ಟರೆ ಕಪ್ಪು ಬೂಷ್ಟು ಹಿಡಿಯುತ್ತದೆ, ಅದರ ಕಲೆ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.